ಅಭಿಮಾನಿಯ ಕಣ್ಣು

ಕನ್ನಡದಲ್ಲಿ 'ಅಭಿಮಾನ' ಎಂಬ ಶಬ್ದಕ್ಕೆ ಎರಡು ಮುಖಗಳಿವೆ. ನಾಡಿನ ಅಭಿಮಾನ, ನುಡಿಯ ಅಭಿಮಾನ ಎನ್ನುವಾಗ ಅದು ಪ್ರೀತಿಯೂ ಗೌರವವೂ ಬೆರೆತ ಒಂದು ಸದ್ಭಾವ. ಅದೇ ಶಬ್ದಕ್ಕೆ 'ದುರ್' ಎಂಬ ಉಪಸರ್ಗ ಸೇರಿತೆಂದರೆ ದುರಭಿಮಾನ. ಸಾಂಖ್ಯದರ್ಶನಕಾರರಂತೂ ಅಹಂಕಾರಕ್ಕೆ ಲಕ್ಷಣ ಹೇಳಬೇಕಾದಾಗ ಆರಿಸಿಕೊಂಡದ್ದು ಈ ಅಭಿಮಾನವೆಂಬ ಶಬ್ದವನ್ನೇ. 'ಇದು ನಾನು, ಇದು ನನ್ನದು' ಎಂಬ ಬುದ್ಧಿಗೆ ಅವರು ಕೊಟ್ಟ ಹೆಸರು ಅದು. ಡಾ. ರಾಜಕುಮಾರ್ ಅವರು ತಮ್ಮ ಅಭಿಮಾನಿಗಳನ್ನು ದೇವರುಗಳೆಂದು ಕರೆದದ್ದು ನಮಗೆಲ್ಲ ಗೊತ್ತು. ಇಂಗ್ಲಿಷಿನ 'ಫ್ಯಾನ್' ಎಂಬ ಮಾತಾದರೋ, ಮತಾಂಧನೆಂಬ ಅರ್ಥದ 'ಫನಾಟಿಕ್' ಎಂಬುದರ ಮೊಟಕು ರೂಪವೆಂದು ಬಹುಮಟ್ಟಿಗೆ ಒಪ್ಪಿತವಾಗಿದೆ. ದೇವರಿಂದ ಮತಾಂಧನವರೆಗೆ, ಅಭಿಮಾನಿಗೆ ಸಂಚರಿಸಲು ಎಷ್ಟು ದೊಡ್ಡ ಬಯಲು!

ಈ ಹೊತ್ತು ನಾನು ಅಂಥ ಒಬ್ಬ ಅಭಿಮಾನಿಯ ಬಗೆಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅವನು ಅಮೆರಿಕದ ಒಂದು ಕಾಲೇಜು ಫುಟ್‌ಬಾಲ್ ತಂಡದ ಅಭಿಮಾನಿ. ಅವನ ತಂಡ ಸೋಲುತ್ತಿದೆ. ಅದರ ಆಟಗಾರರ ಮೇಲೆ ದುರ್ನಡತೆಯ ಆರೋಪಗಳೂ ಬಂದಿವೆ. ಈ ಎರಡು ಕಷ್ಟಗಳು ಕೂಡಿ ಬಂದಾಗ ಆ ಅಭಿಮಾನಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ನನ್ನ ವಿಷಯ. ನಮ್ಮ ಎಷ್ಟೋ ಮನೆಗಳ ಮಕ್ಕಳು ಈಗ ಟೆಕ್ಸಸ್, ಮಿಷಿಗನ್, ಒಹಾಯೊಗಳ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿದ್ದಾರೆ. ಅವರ ಅಂಗಿಯ ಮೇಲಿನ ಹೆಸರು, ಅವರ ಶನಿವಾರದ ಉತ್ಸಾಹ ನಮಗೆ ಪರಿಚಿತ. ಆ ಉತ್ಸಾಹದ ಹಿಂದಿನ ವ್ಯವಸ್ಥೆ ಅಷ್ಟಾಗಿ ಪರಿಚಿತವಲ್ಲ.

ಮೊದಲಿಗೆ ಆಟದ ವಿಷಯ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಿನ ಆಟವನ್ನಲ್ಲ. ಎರಡು ತುದಿಗಳೂ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಜೊತೆಗಾರನಿಗೆ ಎಸೆಯುವುದು, ಓಡುವವನನ್ನು ಎದುರಾಳಿಗಳು ಹಿಡಿದು ಕೆಡವುವುದು, ಇದು ಆ ಆಟದ ಸ್ವರೂಪ. ಪಕ್ಷಕ್ಕೆ 11 ಜನ. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. 1869ರ ನವೆಂಬರ್ 6ರಂದು ನ್ಯೂಜೆರ್ಸಿಯ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಈ ಪರಂಪರೆಯ ಮೊದಲನೆಯದೆಂದು ಎಣಿಸುತ್ತಾರೆ. ಆಟ ಬೆಳೆದಂತೆ ಅದರ ಕ್ರೌರ್ಯವೂ ಬೆಳೆಯಿತು. 1905ರಲ್ಲಿ ಆಟದ ಅಂಗಳದಲ್ಲೇ ಹತ್ತಾರು ಯುವಕರು ಪ್ರಾಣ ಕಳೆದುಕೊಂಡಾಗ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಬುದ್ಧಿ ಹೇಳಬೇಕಾಯಿತು. ಅದರ ಮರುವರ್ಷ, 1906ರಲ್ಲಿ, ಕಾಲೇಜುಗಳೆಲ್ಲ ಸೇರಿ ಒಂದು ಕ್ರೀಡಾಸಂಘವನ್ನು ಕಟ್ಟಿಕೊಂಡವು. ಇಂದು ಎನ್.ಸಿ.ಎ.ಎ. ಎಂದು ಪ್ರಸಿದ್ಧವಾಗಿರುವ ರಾಷ್ಟ್ರೀಯ ಕಾಲೇಜು ಕ್ರೀಡಾಸಂಘ ಅದೇ.

ಈ ಆಟದ ಪ್ರಮಾಣವನ್ನು ಒಂದು ಲೆಕ್ಕದಿಂದ ಊಹಿಸಿಕೊಳ್ಳಬಹುದು. ಮಿಷಿಗನ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ಅದು ಇರುವ ಆ್ಯನ್ ಆರ್ಬರ್ ಊರಿನ ಜನಸಂಖ್ಯೆ 2020ರ ಗಣತಿಯಂತೆ ಸುಮಾರು 1,24,000. ಹೆಚ್ಚುಕಡಮೆ ಊರಿಗೆ ಊರೇ ಹೋಗಿ ಕೂರಬಹುದಾದ ಅಂಗಳ! ಅಲಬಾಮ, ನೆಬ್ರಾಸ್ಕದಂಥ ರಾಜ್ಯಗಳಲ್ಲಿ ವೃತ್ತಿಪರ ಫುಟ್‌ಬಾಲಿನ ದೊಡ್ಡ ತಂಡಗಳೇ ಇಲ್ಲ. ಅಲ್ಲಿ ಕಾಲೇಜಿನ ತಂಡವೆಂದರೆ ರಾಜ್ಯದ ತಂಡ, ಮನೆತನದ ತಂಡ. ಅಜ್ಜ ನೋಡಿದ ಆಟವನ್ನು ಮೊಮ್ಮಗ ನೋಡುತ್ತಾನೆ. ಶರತ್ಕಾಲದ ಶನಿವಾರ ಬಂತೆಂದರೆ ಊರಿಗೆ ಜಾತ್ರೆಯ ಕಳೆ. ಎಷ್ಟೋ ರಾಜ್ಯಗಳಲ್ಲಿ ಸಾರ್ವಜನಿಕ ನೌಕರರ ಪೈಕಿ ಎಲ್ಲರಿಗಿಂತ ಹೆಚ್ಚಿನ ಸಂಬಳ ಪಡೆಯುವವರು ರಾಜ್ಯದ ಗವರ್ನರ್ ಅಲ್ಲ, ವಿಶ್ವವಿದ್ಯಾನಿಲಯದ ಮುಖ್ಯಸ್ಥರೂ ಅಲ್ಲ, ಫುಟ್‌ಬಾಲಿನ ತರಬೇತುದಾರರು. ಆಡುವವರು ಮಾತ್ರ ಹದಿನೆಂಟರಿಂದ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು, ಲೆಕ್ಕಕ್ಕೆ ವಿದ್ಯಾರ್ಥಿಗಳು.

ಇನ್ನು ಅಭಿಮಾನಿಯ ಮನಸ್ಸು. ಅದನ್ನು ಕುರಿತು ಅಮೆರಿಕದ ಮನಶ್ಶಾಸ್ತ್ರಜ್ಞರು ನಡೆಸಿದ ಎರಡು ಪರಿಶೀಲನೆಗಳು ಬಹು ಪ್ರಸಿದ್ಧವಾಗಿವೆ. ಎರಡೂ ಕಾಲೇಜು ಫುಟ್‌ಬಾಲಿಗೇ ಸಂಬಂಧಿಸಿದವು.

ಮೊದಲನೆಯದು 1951ರ ನವೆಂಬರಿನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ನಡೆದ ಪಂದ್ಯದ ಮೇಲಿನದು. ಆ ಪಂದ್ಯ ಬಹಳ ಒರಟಾಗಿತ್ತು. ಪ್ರಿನ್ಸ್‌ಟನ್ನಿನ ಖ್ಯಾತ ಆಟಗಾರ ಡಿಕ್ ಕಾಜ್ಮಾಯರರ ಮೂಗು ಮುರಿಯಿತು. ಡಾರ್ಟ್‌ಮತ್ತಿನ ಒಬ್ಬ ಆಟಗಾರನ ಕಾಲು ಮುರಿಯಿತು. ಪ್ರಿನ್ಸ್‌ಟನ್ ಗೆದ್ದಿತು, ಎರಡೂ ಕಾಲೇಜುಗಳ ಪತ್ರಿಕೆಗಳಲ್ಲಿ ಪರಸ್ಪರ ದೂಷಣೆ ನಡೆಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬಿಬ್ಬರು ವಿದ್ವಾಂಸರು ಅದೇ ಪಂದ್ಯದ ಚಲನಚಿತ್ರವನ್ನು ಎರಡೂ ಕಾಲೇಜುಗಳ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ನಿಯಮಭಂಗಗಳನ್ನು ಗುರುತು ಹಾಕಲು ಹೇಳಿದರು. ಚಿತ್ರ ಒಂದೇ, ಎಣಿಕೆ ಬೇರೆ. ಡಾರ್ಟ್‌ಮತ್ ತಂಡದಲ್ಲಿ ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಕಂಡ ತಪ್ಪುಗಳ ಎರಡರಷ್ಟಕ್ಕಿಂತ ಹೆಚ್ಚು ತಪ್ಪುಗಳು ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಕಂಡವು. 1954ರಲ್ಲಿ ಪ್ರಕಟವಾದ ಈ ಲೇಖನ ಹೇಳುವುದನ್ನು ನಮ್ಮ ಹಿರಿಯರು ಒಂದು ಗಾದೆಯಲ್ಲಿ ಹೇಳಿ ಮುಗಿಸಿದ್ದಾರೆ: ಹೆತ್ತವರಿಗೆ ಹೆಗ್ಗಣ ಮುದ್ದು. ಇಲ್ಲಿ ನಾವು ಗಮನಿಸಬೇಕಾದದ್ದು, ಆ ವಿದ್ಯಾರ್ಥಿಗಳು ಸುಳ್ಳು ಹೇಳುತ್ತಿರಲಿಲ್ಲ ಎಂಬುದು. ಅವರಿಗೆ ನಿಜಕ್ಕೂ ಹಾಗೆಯೇ ಕಂಡಿತ್ತು.

ಎರಡನೆಯದು ರಾಬರ್ಟ್ ಚಿಯಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ್ದು. ಅವರು ಏಳು ವಿಶ್ವವಿದ್ಯಾನಿಲಯಗಳಲ್ಲಿ ಸೋಮವಾರದ ತರಗತಿಗಳಿಗೆ ಬಂದ ವಿದ್ಯಾರ್ಥಿಗಳ ಉಡುಪನ್ನು ಗಮನಿಸಿದರು. ಶನಿವಾರ ತಂಡ ಗೆದ್ದಿದ್ದರೆ ಸೋಮವಾರ ಕಾಲೇಜಿನ ಹೆಸರು, ಲಾಂಛನಗಳುಳ್ಳ ಅಂಗಿಗಳು ಹೆಚ್ಚು, ಸೋತಿದ್ದರೆ ಕಡಮೆ. ದೂರವಾಣಿಯಲ್ಲಿ ಪಂದ್ಯದ ಫಲಿತಾಂಶವನ್ನು ವಿಚಾರಿಸಿದಾಗ ಗೆಲವಿನ ಮಾತು 'ನಾವು' ಎಂದು ಬರುವುದೂ ಸೋಲಿನ ಮಾತು 'ಅವರು' ಎಂದು ಬರುವುದೂ ಕಂಡುಬಂತು. ಗೆದ್ದೆತ್ತಿನ ಬಾಲ ಹಿಡಿಯುವುದೆಂದು ನಾವು ಹೇಳುವುದು ಇದನ್ನೇ ಅಲ್ಲವೆ?

ಈ ಎರಡು ಸ್ವಭಾವಗಳನ್ನು, ಅಂದರೆ ತನ್ನವರ ತಪ್ಪು ಕಾಣದ ಕಣ್ಣನ್ನೂ ಗೆಲವಿಗೆ ಮಾತ್ರ 'ನಾವು' ಎನ್ನುವ ನಾಲಗೆಯನ್ನೂ, ಒಂದು ನಿಜವಾದ ಊರಿಗೆ ಕೊಂಡೊಯ್ದು ನೋಡೋಣ. ಟೆಕ್ಸಸ್ ರಾಜ್ಯದ ವೇಕೋ ಎಂಬ ಊರಿನಲ್ಲಿ ಬೇಲರ್ ವಿಶ್ವವಿದ್ಯಾನಿಲಯವಿದೆ. 1845ರಲ್ಲಿ ಬ್ಯಾಪ್ಟಿಸ್ಟ್ ಕ್ರೈಸ್ತರು ಸ್ಥಾಪಿಸಿದ ಹಳೆಯ ವಿದ್ಯಾಸಂಸ್ಥೆ ಅದು. ಅದರ ಫುಟ್‌ಬಾಲ್ ತಂಡ ಬಹುಕಾಲ ಸೋಲಿಗೆ ಹೆಸರಾಗಿತ್ತು. 1996ರಿಂದ 2009ರ ವರೆಗಿನ 14 ವರ್ಷಗಳಲ್ಲಿ ಯಾವ ಒಂದು ವರ್ಷವೂ ಅದು ಸೋಲಿಗಿಂತ ಹೆಚ್ಚು ಗೆಲವುಗಳನ್ನು ಕಾಣಲಿಲ್ಲ. ಆ ವರ್ಷಗಳಲ್ಲಿ ಅಂಗಳಕ್ಕೆ ಹೋಗಿ ಕೂತ ಅಭಿಮಾನಿಯನ್ನು ಯಾರೂ ಗೆದ್ದೆತ್ತಿನ ಬಾಲ ಹಿಡಿದವನೆನ್ನಲಾರರು. ಅವನದು ಕಷ್ಟದ ನಿಷ್ಠೆ.

2008ರಲ್ಲಿ ಆರ್ಟ್ ಬ್ರೈಲ್ಸ್ ಎಂಬವರು ತರಬೇತುದಾರರಾಗಿ ಬಂದರು. ಗಾಳಿ ತಿರುಗಿತು. 2011ರಲ್ಲಿ ಬೇಲರಿನ ರಾಬರ್ಟ್ ಗ್ರಿಫಿನ್ ಅವರಿಗೆ, ವರ್ಷದ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪಾರಿತೋಷಕ ದೊರೆಯಿತು. 2013ರಲ್ಲಿ ತಂಡ ತನ್ನ ಗುಂಪಿನ ಪ್ರಶಸ್ತಿಯನ್ನು ಗೆದ್ದಿತು. 2014ರಲ್ಲಿ ಅದೇ ಪ್ರಶಸ್ತಿಯನ್ನು ಇನ್ನೊಂದು ತಂಡದೊಡನೆ ಹಂಚಿಕೊಂಡಿತು. ಬ್ರಾಸೋಸ್ ನದಿಯ ದಡದಲ್ಲಿ ಸುಮಾರು 45,000 ಜನ ಕೂರುವ ಹೊಸ ಕ್ರೀಡಾಂಗಣ 2014ರಲ್ಲಿ ತೆರೆಯಿತು. ವೇಕೋದ ಅಭಿಮಾನಿ ತಲೆಯೆತ್ತಿ 'ನಾವು' ಎಂದನು. ಅಷ್ಟು ವರ್ಷ ಕಾದಿದ್ದವನಿಗೆ ಆ ಹಕ್ಕಿತ್ತು.

ಆದರೆ ಅದೇ ವರ್ಷಗಳಲ್ಲಿ ಅದೇ ಆವರಣದಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. 2014ರ ಜನವರಿಯಲ್ಲಿ ತಂಡದ ಒಬ್ಬ ಮಾಜಿ ಆಟಗಾರನಿಗೆ ಅತ್ಯಾಚಾರದ ಅಪರಾಧಕ್ಕಾಗಿ 20 ವರ್ಷಗಳ ಸೆರೆವಾಸ ವಿಧಿಸಲಾಯಿತು. 2015ರಲ್ಲಿ ಇನ್ನೊಬ್ಬ ಆಟಗಾರನ ವಿಚಾರಣೆ ನಡೆದು, ಆ ತೀರ್ಪಿನ ಮೇಲಿನ ಮೇಲ್ಮನವಿಗಳು ವರ್ಷಗಟ್ಟಲೆ ಸಾಗಿದವು. ದೂರಿತ್ತ ವಿದ್ಯಾರ್ಥಿನಿಯರು, ತಾವು ಕಾಲೇಜಿನ ಅಧಿಕಾರಿಗಳ ಬಳಿ ಹೋದಾಗ ತಮ್ಮ ಮಾತನ್ನು ಕೇಳುವವರಿರಲಿಲ್ಲವೆಂದು ಒಬ್ಬೊಬ್ಬರಾಗಿ ಹೇಳತೊಡಗಿದರು. ವಿಶ್ವವಿದ್ಯಾನಿಲಯ ಫಿಲಡೆಲ್ಫಿಯದ ಒಂದು ವಕೀಲ ಸಂಸ್ಥೆಯನ್ನು ತನಿಖೆಗೆ ನೇಮಿಸಿತು. 2016ರ ಮೇ 26ರಂದು ಆಡಳಿತ ಮಂಡಳಿ ತನಿಖೆಯ ಸಾರಾಂಶವನ್ನು ಹೊರಗೆಡಹಿತು. ವಿದ್ಯಾರ್ಥಿನಿಯರ ದೂರುಗಳನ್ನು ನಿಭಾಯಿಸುವಲ್ಲಿ ಇಡೀ ವಿಶ್ವವಿದ್ಯಾನಿಲಯವೇ ತಪ್ಪಿತ್ತು; ಫುಟ್‌ಬಾಲ್ ವಿಭಾಗದ ಸಿಬ್ಬಂದಿ ಕೆಲವು ದೂರುಗಳನ್ನು ಹೊರಗಿನ ಅಧಿಕಾರಿಗಳಿಗೆ ತಿಳಿಸದೆ ತಮ್ಮೊಳಗೇ ಇಟ್ಟುಕೊಂಡಿದ್ದರು; ಫುಟ್‌ಬಾಲು ನಿಯಮಗಳಿಗಿಂತ ಮೇಲೆಂಬ ಭಾವನೆ ಬೆಳೆದಿತ್ತು ಎಂಬುದು ಅದರ ತಿರುಳು. ತರಬೇತುದಾರರ ನೌಕರಿ ಹೋಯಿತು. ಹಿಂದೆ ಅಧ್ಯಕ್ಷ ಕ್ಲಿಂಟನ್ನರ ನಡತೆಯನ್ನು ತನಿಖೆ ಮಾಡಿ ಜಗತ್ತಿಗೆ ಪರಿಚಿತರಾಗಿದ್ದ ಕೆನೆತ್ ಸ್ಟಾರ್ ಆಗ ಬೇಲರಿನ ಅಧ್ಯಕ್ಷರಾಗಿದ್ದರು. ಅವರನ್ನೂ ಆ ಸ್ಥಾನದಿಂದ ಇಳಿಸಲಾಯಿತು.

ಈಗ ನಮ್ಮ ಅಭಿಮಾನಿಯನ್ನು ನೋಡೋಣ. 2016ರ ಫೆಬ್ರವರಿಯಲ್ಲಿ ಬೇಲರಿನ ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಕೆಲವರು ಅಧ್ಯಕ್ಷರ ನಿವಾಸದ ಮುಂದೆ ದೀಪ ಹಿಡಿದು ನಿಂತು, ನೊಂದವರ ಪರವಾಗಿ ಮೌನವಾಗಿ ಪ್ರಾರ್ಥಿಸಿದ್ದರು. ಅದೇ ವರ್ಷ ನವೆಂಬರ್ 5ರಂದು, ನೆರೆಯ ಎದುರಾಳಿ ತಂಡದೊಡನೆ ನಡೆದ ಪಂದ್ಯಕ್ಕೆ ಇನ್ನು ಕೆಲವರು ವಜಾ ಆದ ತರಬೇತುದಾರರ ಹೆಸರಿನ ಮೊದಲಕ್ಷರಗಳನ್ನು ಅಚ್ಚು ಹಾಕಿಸಿದ ಕಪ್ಪು ಅಂಗಿಗಳನ್ನು ತೊಟ್ಟು ಬಂದರು. ಆ ಪಂದ್ಯವನ್ನು ಬೇಲರ್ 22ಕ್ಕೆ 62 ಅಂಕಗಳಿಂದ ಸೋತಿತು. ದೀಪ ಹಿಡಿದವರೂ ಕಪ್ಪು ಅಂಗಿ ತೊಟ್ಟವರೂ ಒಂದೇ ಕಾಲೇಜಿನವರೇ. ಇಬ್ಬರೂ ತಮ್ಮನ್ನು ಬೇಲರಿನ ಅಭಿಮಾನಿಗಳೆಂದೇ ಕರೆದುಕೊಂಡಾರು. ಆದರೆ ಒಬ್ಬರಿಗೆ 'ನಮ್ಮವರು' ಎಂದರೆ ತರಬೇತುದಾರರು. ಇನ್ನೊಬ್ಬರಿಗೆ 'ನಮ್ಮವರು' ಎಂದರೆ ದೂರು ಕೊಟ್ಟ ಹುಡುಗಿಯರು.

ಮರುವರ್ಷ, 2017ರಲ್ಲಿ, ಹೊಸ ತರಬೇತುದಾರರ ಕೈಕೆಳಗೆ ತಂಡ 12 ಪಂದ್ಯಗಳಲ್ಲಿ 11ನ್ನು ಸೋತಿತು. ಸೋಲಿನ ಕಾಲದಲ್ಲಿ ಅಭಿಮಾನಿ ಕೇಳುವ ಮೊದಲ ಪ್ರಶ್ನೆ, 'ಇದಕ್ಕೆ ಯಾರು ಕಾರಣ?' ಎಂಬುದು. ಅಪರಾಧ ಮಾಡಿದವರೂ ಅದನ್ನು ಮುಚ್ಚಿದವರೂ ಕಾರಣ ಎನ್ನುವುದು ಒಂದು ಉತ್ತರ. ಅಪರಾಧವನ್ನು ಹೊರಗೆ ಹೇಳಿದವರು ಕಾರಣ ಎನ್ನುವುದು ಇನ್ನೊಂದು ಉತ್ತರ. ಎರಡನೆಯ ಉತ್ತರ ಅನ್ಯಾಯದ್ದೆಂದು ದೂರದಲ್ಲಿ ಕೂತ ನಮಗೆ ಸುಲಭವಾಗಿ ತೋರುತ್ತದೆ. ಆದರೆ 14 ವರ್ಷ ಸೋತು, ಆರೇಳು ವರ್ಷ ಗೆದ್ದು, ಮತ್ತೆ ಸೋಲಿನ ಹಳ್ಳಕ್ಕೆ ಬಿದ್ದವನಿಗೆ ಆ ಎರಡನೆಯ ಉತ್ತರವೇ ನಾಲಗೆಯ ತುದಿಗೆ ಬರುತ್ತದೆ. ಅದಕ್ಕಾಗಿಯೇ ಈ ವಿಷಯ ವಿಚಾರಯೋಗ್ಯವಾದದ್ದು. ಗೆಲ್ಲುತ್ತಿರುವ ತಂಡದ ಆಟಗಾರನ ಮೇಲೆ ದೂರು ಬಂದರೆ ಅದು 'ಬರಿಯ ಆರೋಪ'. ಸೋಲುತ್ತಿರುವ ತಂಡದ ಆಟಗಾರನ ಮೇಲೆ ಬಂದರೆ 'ಶಿಸ್ತು ಕೆಟ್ಟಿದೆ, ತರಬೇತುದಾರರನ್ನು ಕಿತ್ತುಹಾಕಿ.' ದೂರಿನ ತೂಕವನ್ನು ಅಂಕಫಲಕದ ತಕ್ಕಡಿಯಲ್ಲಿ ತೂಗಿದರೆ ನ್ಯಾಯ ಎಲ್ಲಿ ಉಳಿಯಿತು?

ಅಭಿಮಾನಿಯೊಬ್ಬನನ್ನೇ ದೂಷಿಸುವುದು ಸರಿಯಲ್ಲ. ಆಟವನ್ನು ಆಳುವ ಸಂಘವೇ ಯಾವ ತಪ್ಪನ್ನು ದೊಡ್ಡದೆಂದು ಎಣಿಸುತ್ತ ಬಂದಿದೆ ಎಂಬುದನ್ನೂ ನೋಡಬೇಕು. ವೇಕೋದಿಂದ ನೂರು ಮೈಲಿಯೊಳಗಿರುವ ಡಲ್ಲಾಸ್ ನಗರದಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯವಿದೆ. 1980ರ ದಶಕದ ಮೊದಲಲ್ಲಿ ಅದರ ತಂಡ ದೇಶದ ಬಲಿಷ್ಠ ತಂಡಗಳಲ್ಲಿ ಒಂದಾಗಿತ್ತು. 1982ರಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ. ಆ ಕಾಲದಲ್ಲಿ ಆಟಗಾರರಿಗೆ ವಿದ್ಯಾರ್ಥಿವೇತನದ ಹೊರತು ಹಣ ಕೊಡುವುದು ನಿಷಿದ್ಧ. ಹಣವಂತ ಅಭಿಮಾನಿಗಳು ಗುಟ್ಟಾಗಿ ಹಣ ಕೊಡುತ್ತಿದ್ದರು. 1985–86ರಲ್ಲಿ, ಆಗಲೇ ಒಂದು ಶಿಕ್ಷೆಗೆ ಒಳಗಾಗಿದ್ದ ಕಾಲದಲ್ಲಿಯೇ, 13 ಆಟಗಾರರಿಗೆ ಸುಮಾರು 61,000 ಡಾಲರ್ ಸಂದಾಯವಾಗಿತ್ತು. 1987ರ ಫೆಬ್ರವರಿ 25ರಂದು ಎನ್.ಸಿ.ಎ.ಎ. ಆ ತಂಡದ 1987ರ ಆಟವನ್ನೇ ರದ್ದುಪಡಿಸಿತು. ಇದನ್ನು ಅಲ್ಲಿನವರು 'ಮರಣದಂಡನೆ' ಎಂದೇ ಕರೆಯುತ್ತಾರೆ. ಹಣ ಕೊಡುತ್ತಿದ್ದುದು ತನಗೆ ಗೊತ್ತಿತ್ತೆಂದು, ಹಿಂದೆ ಆ ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ, ಆಗ ಟೆಕ್ಸಸ್ಸಿನ ಗವರ್ನರ್ ಆಗಿದ್ದ ಬಿಲ್ ಕ್ಲೆಮೆಂಟ್ಸರೇ ಮುಂದಿನ ತಿಂಗಳು ಒಪ್ಪಿಕೊಂಡರು. 1988ರಲ್ಲಿಯೂ ತಂಡ ಆಡಲಿಲ್ಲ. 1989ರಲ್ಲಿ ಮರಳಿ ಬಂದ ಮೇಲೆ ಮುಂದಿನ 20 ವರ್ಷಗಳಲ್ಲಿ ಒಂದೇ ಒಂದು ವರ್ಷ ಮಾತ್ರ ಅದರ ಗೆಲವುಗಳು ಸೋಲುಗಳಿಗಿಂತ ಹೆಚ್ಚಾಗಿದ್ದವು.

ಇದರ ಪಕ್ಕದಲ್ಲಿ ಬೇಲರಿನ ತೀರ್ಪನ್ನು ಇಟ್ಟು ನೋಡಿ. 2021ರ ಆಗಸ್ಟ್ 11ರಂದು ಎನ್.ಸಿ.ಎ.ಎ.ಯ ಸಮಿತಿ ತನ್ನ ನಿರ್ಣಯವನ್ನು ಪ್ರಕಟಿಸಿತು. ಲೈಂಗಿಕ ಹಿಂಸೆಯ ದೂರುಗಳನ್ನು ಮುಂದಕ್ಕೆ ತಿಳಿಸದಿದ್ದದ್ದು ಘೋರವಾದ ಲೋಪವೇ ಆದರೂ, ಆ ಲೋಪ ಇಡೀ ವಿಶ್ವವಿದ್ಯಾನಿಲಯಕ್ಕೆ ಹಬ್ಬಿತ್ತಾದ್ದರಿಂದ ಅದು ಕ್ರೀಡಾಸಂಘದ ನಿಯಮಗಳ ಉಲ್ಲಂಘನೆಯಾಗುವುದಿಲ್ಲವೆಂದು ಸಮಿತಿ ತೀರ್ಮಾನಿಸಿತು. ತರಬೇತುದಾರರು ವಿಚಾರಿಸುವ ಕುತೂಹಲವನ್ನೇ ತೋರಲಿಲ್ಲವೆಂದು ಟೀಕಿಸಿತಾದರೂ ಅವರ ಮೇಲಿನ ಆರೋಪವೂ ನಿಯಮಗಳ ಅಡಿಯಲ್ಲಿ ನಿಲ್ಲಲಿಲ್ಲ. ಇತರ ಉಲ್ಲಂಘನೆಗಳಿಗಾಗಿ ನಾಲ್ಕು ವರ್ಷಗಳ ನಿಗಾ, 5,000 ಡಾಲರ್ ದಂಡ ಮುಂತಾದ ಹಗುರ ಶಿಕ್ಷೆಗಳಾದವು. ಅದೇ ವರ್ಷದ ಡಿಸೆಂಬರಿನಲ್ಲಿ ಬೇಲರ್ ತನ್ನ ಗುಂಪಿನ ಪ್ರಶಸ್ತಿಯನ್ನು ಮತ್ತೆ ಗೆದ್ದಿತು. ನ್ಯಾಯಾಲಯದ ದಾರಿ ಮಾತ್ರ ಇನ್ನೂ ಉದ್ದವಾಗಿತ್ತು. 15 ಮಂದಿ ಮಹಿಳೆಯರು 2016ರಲ್ಲಿ ಹೂಡಿದ್ದ ದಾವೆ 2023ರ ಸೆಪ್ಟೆಂಬರಿನಲ್ಲಿ ರಾಜಿಯಲ್ಲಿ ಮುಗಿಯಿತು. ಆ ಮರುತಿಂಗಳು ಇನ್ನೊಬ್ಬ ಮಾಜಿ ವಿದ್ಯಾರ್ಥಿನಿಯ ಮೊಕದ್ದಮೆಯಲ್ಲಿ, ವಿಶ್ವವಿದ್ಯಾನಿಲಯದ ನಿರ್ಲಕ್ಷ್ಯ ಸ್ಥಾಪಿತವಾಗಿದೆಯೆಂದು ವೇಕೋದ ಜ್ಯೂರಿ ಹೇಳಿ 2,70,000 ಡಾಲರ್ ಪರಿಹಾರ ಕೊಡಿಸಿತು.

ಹೀಗೆ, ಒಂದೆಡೆ ಬಡ ಹುಡುಗರ ಕೈಗೆ ಗುಟ್ಟಾಗಿ ಹಣ ಕೊಟ್ಟದ್ದಕ್ಕೆ ಮರಣದಂಡನೆ. ಇನ್ನೊಂದೆಡೆ ಹುಡುಗಿಯರ ದೂರನ್ನು ಮುಚ್ಚಿಟ್ಟದ್ದು ನಿಯಮದ ಪುಸ್ತಕದಲ್ಲಿ ಅಪರಾಧವೇ ಅಲ್ಲ. ಇದರ ಮೇಲೆ ಕಾಲದ ವ್ಯಂಗ್ಯವೊಂದು ಬೇರೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರಿನ ಮೂಲಕ ಹಣ ಗಳಿಸುವುದು ಸಕ್ರಮವಾಯಿತು. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಮೊದಲ ವರ್ಷಕ್ಕೆ ಗೊತ್ತುಪಡಿಸಿದ ಮಿತಿ ಕಾಲೇಜೊಂದಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಡಲ್ಲಾಸಿನ ತಂಡವನ್ನು ಕೊಂದ ಅಪರಾಧ ಇಂದು ಲೆಕ್ಕಪತ್ರದ ಒಂದು ಬಾಬ್ತು!

ಇಷ್ಟನ್ನು ಕೇಳಿದ ಮೇಲೆ, 'ಹಾಗಾದರೆ ದೂರು ಬಂದ ಕೂಡಲೆ ಆಟಗಾರನನ್ನು ಅಪರಾಧಿಯೆಂದು ನಂಬಿಬಿಡಬೇಕೆ?' ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರಕ್ಕೆ ಇನ್ನೊಂದು ಆಟದ, ಇನ್ನೊಂದು ಕಾಲೇಜಿನ ಉದಾಹರಣೆ ನೋಡಬೇಕು. 2006ರಲ್ಲಿ ಉತ್ತರ ಕೆರೊಲೈನದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ, ಬಲೆಕಟ್ಟಿದ ಕೋಲಿನಿಂದ ಆಡುವ ಲಕ್ರಾಸ್ ಎಂಬ ಆಟದ ತಂಡದ ಮೂವರ ಮೇಲೆ ಅತ್ಯಾಚಾರದ ಆರೋಪ ಬಂತು. ತರಬೇತುದಾರರು ರಾಜೀನಾಮೆ ಇತ್ತರು. ಆ ವರ್ಷದ ಉಳಿದ ಪಂದ್ಯಗಳು ರದ್ದಾದವು. ದೇಶದ ಪತ್ರಿಕೆಗಳಲ್ಲಿ ಎಷ್ಟೋ ಮಂದಿ ತೀರ್ಪು ಬರೆದು ಮುಗಿಸಿದರು. 2007ರ ಏಪ್ರಿಲ್ 11ರಂದು ಆ ರಾಜ್ಯದ ಅಟಾರ್ನಿ ಜನರಲ್ ರಾಯ್ ಕೂಪರ್ ಮೊಕದ್ದಮೆಯನ್ನು ಕೈಬಿಟ್ಟು, ಮೂವರೂ ನಿರ್ದೋಷಿಗಳೆಂದು ಸಾರಿದರು. ಮೊಕದ್ದಮೆ ನಡೆಸಿದ ಸರ್ಕಾರಿ ವಕೀಲರು ತಮ್ಮ ಸನದನ್ನೇ ಕಳೆದುಕೊಂಡರು. ಆದ್ದರಿಂದ ಅಭಿಮಾನಿಯ ಕುರುಡು ನಂಬಿಕೆಗೆ ಪರಿಹಾರ ವಿರೋಧಿಯ ಕುರುಡು ಅಪನಂಬಿಕೆಯಲ್ಲ. ಕಾಮಾಲೆ ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುತ್ತದೆಂದು ಕಣ್ಣನ್ನೇ ಮುಚ್ಚಿಕೊಂಡರೆ ರೋಗ ವಾಸಿಯಾದೀತೆ?

ಇಲ್ಲಿ ಅಭಿಮಾನಿ ತಿಳಿದಿರಬೇಕಾದ ಒಂದು ವಿವೇಕವಿದೆ. ಆಟಗಾರನೊಬ್ಬನ ಮೇಲೆ ಇಂಥ ದೂರು ಬಂದಾಗ ಮೂರು ಬೇರೆ ಬೇರೆ ಕಟ್ಟೆಗಳಲ್ಲಿ ಅದರ ವಿಚಾರಣೆ ನಡೆಯಬಹುದು. ಮೊದಲನೆಯದು ಪೊಲೀಸು ಮತ್ತು ನ್ಯಾಯಾಲಯ. ಅಲ್ಲಿ ಸಂಶಯಕ್ಕೆ ಆಸ್ಪದವಿಲ್ಲದಂತೆ ಅಪರಾಧ ಸಿದ್ಧವಾಗಬೇಕು, ಸಿದ್ಧವಾದರೆ ಸೆರೆಮನೆ. ಎರಡನೆಯದು ಕಾಲೇಜಿನ ಆಂತರಿಕ ವಿಚಾರಣೆ. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸುವ, 'ಟೈಟಲ್ ನೈನ್' ಎಂದು ಹೆಸರಾದ 1972ರ ಕಾನೂನಿನಂತೆ, ಸರ್ಕಾರದ ಹಣ ಪಡೆಯುವ ಪ್ರತಿಯೊಂದು ಕಾಲೇಜೂ ಇಂಥ ದೂರನ್ನು ಕೇಳಿ ನಿರ್ಣಯಿಸಬೇಕು. ಅಲ್ಲಿ ಬೇಕಾದ ಸಾಕ್ಷ್ಯ ನ್ಯಾಯಾಲಯದ್ದಕ್ಕಿಂತ ಕಡಮೆ. ಬಹುಪಾಲು ಕಾಲೇಜುಗಳಲ್ಲಿ, ನಡೆದಿರುವ ಸಂಭವ ನಡೆಯದಿರುವ ಸಂಭವಕ್ಕಿಂತ ಹೆಚ್ಚೆಂದು ತೋರಿದರೆ ಸಾಕು. ಅತಿ ದೊಡ್ಡ ಶಿಕ್ಷೆಯೆಂದರೆ ಕಾಲೇಜಿನಿಂದ ಹೊರಗೆ. ಮೂರನೆಯದು ತಂಡದ ಶಿಸ್ತು. ಆಟಗಾರನನ್ನು ತಾತ್ಕಾಲಿಕವಾಗಿ ಹೊರಗಿಡುವುದೋ ಬಿಡುವುದೋ ಬಹುಮಟ್ಟಿಗೆ ತರಬೇತುದಾರರ ಮತ್ತು ಕಾಲೇಜಿನ ವಿವೇಚನೆ.

ಅಭಿಮಾನಿ ಈ ಮೂರನ್ನೂ ಕಲಸಿ ಒಂದು ಮಾಡುತ್ತಾನೆ. ಪೊಲೀಸರು ಮೊಕದ್ದಮೆ ಹೂಡಲಿಲ್ಲವೆಂದರೆ 'ಏನೂ ನಡೆದಿಲ್ಲ' ಎನ್ನುತ್ತಾನೆ. ಮೊಕದ್ದಮೆ ಹೂಡದಿರುವುದಕ್ಕೆ ಸಾಕ್ಷ್ಯದ ಅಭಾವವೂ ಕಾರಣವಿರಬಹುದು, ಪೊಲೀಸರ ಉದಾಸೀನವೂ ಕಾರಣವಿರಬಹುದು, ದೂರು ನಿಜವಾಗಿ ನಿರಾಧಾರವೂ ಆಗಿರಬಹುದು. ಎದುರಾಳಿ ತಂಡದವನಾದರೋ ಆಟಗಾರನನ್ನು ಎರಡು ಪಂದ್ಯ ಹೊರಗಿಟ್ಟರೆಂದ ಕೂಡಲೆ 'ಅಪರಾಧಿ' ಎನ್ನುತ್ತಾನೆ. ಹೊರಗಿಡುವುದು ವಿಚಾರಣೆ ಮುಗಿಯುವ ವರೆಗಿನ ಎಚ್ಚರಿಕೆಯಷ್ಟೇ ಆಗಿರಬಹುದು. ತೀರ್ಪು ಬರುವ ಮೊದಲು ಆಟಗಾರನ ವಿಷಯದಲ್ಲಿ ನಮಗೆ ಇರಬೇಕಾದದ್ದು ತಾಳ್ಮೆ. ಸಂಸ್ಥೆಯ ವಿಷಯದಲ್ಲಿ ಹಾಗಲ್ಲ. ದೂರನ್ನು ಬರೆದುಕೊಂಡರೆ? ಕೇಳಬೇಕಾದ ಅಧಿಕಾರಿಗೆ ಮುಟ್ಟಿಸಿದರೆ? ಇಬ್ಬರ ಮಾತನ್ನೂ ಕೇಳಿದರೆ? ಈ ಪ್ರಶ್ನೆಗಳನ್ನು ಮೊದಲ ದಿನದಿಂದಲೇ ಕೇಳಬಹುದು. ವೇಕೋದಲ್ಲಿ ಆದದ್ದೂ ಡ್ಯೂಕಿನಲ್ಲಿ ಆದದ್ದೂ ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಎರಡರಲ್ಲಿಯೂ ಕೆಟ್ಟದ್ದು ಒಂದೇ: ಕ್ರಮವಾದ, ಭಯವಿಲ್ಲದ ವಿಚಾರಣೆ. ಒಂದೆಡೆ ದೂರನ್ನು ಕೇಳಲೇ ಇಲ್ಲ. ಇನ್ನೊಂದೆಡೆ ಆರೋಪಿಯನ್ನು ಕೇಳುವ ಮೊದಲೇ ಜನರ ತೀರ್ಪು ಬಂದಿತ್ತು.

ಇದರಲ್ಲಿ ಅಭಿಮಾನಿಯ ಪಾತ್ರವೇನು, ಅವನು ಬರಿಯ ಪ್ರೇಕ್ಷಕನಲ್ಲವೆ ಎನ್ನಬಹುದು. ಅಲ್ಲ. ಕ್ರೀಡಾಂಗಣ ಎದ್ದದ್ದು ಅವನಂಥವರ ದೇಣಿಗೆಯಿಂದ. ದೂರದರ್ಶನದ ಕಂಪನಿಗಳು ಕೋಟಿಗಟ್ಟಲೆ ಸುರಿಯುವುದು ಅವನು ನೋಡುತ್ತಾನೆಂಬ ಭರವಸೆಯಿಂದ. ತರಬೇತುದಾರರ ನೌಕರಿ ನಿಲ್ಲುವುದೂ ಬೀಳುವುದೂ ಅವನ ಕೂಗಿನಿಂದ. 'ಗೆಲ್ಲದಿದ್ದರೆ ಉಳಿಯಲಾರೆ' ಎಂದು ತಿಳಿದ ತರಬೇತುದಾರರಿಗೆ, ಚೆನ್ನಾಗಿ ಆಡುವ ಹುಡುಗನ ಮೇಲಿನ ದೂರು ಒಂದು ಅಡಚಣೆಯಾಗಿ ಕಾಣುವುದು ಆಶ್ಚರ್ಯವಲ್ಲ. ಆ ಭಯವನ್ನು ಅವರಲ್ಲಿ ಬಿತ್ತಿದವನು ಶನಿವಾರದ ಅಂಗಳದಲ್ಲಿ ಕೂತಿರುವ ಅಭಿಮಾನಿಯೇ. ಅದೇ ಅಭಿಮಾನಿ ಪತ್ರ ಬರೆದು, ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಎದ್ದು ನಿಂತು, ದೇಣಿಗೆಯ ಚೀಟಿಯನ್ನು ಹರಿಯುವ ಮೊದಲು, 'ನಮ್ಮ ಕಾಲೇಜಿನಲ್ಲಿ ದೂರು ಕೊಟ್ಟವರಿಗೆ ಏನಾಗುತ್ತದೆ?' ಎಂದು ಕೇಳಿದರೆ ಆ ಮಾತಿಗೂ ಅಷ್ಟೇ ಬೆಲೆಯಿರುತ್ತದೆ.

ತನ್ನ ಕಣ್ಣನ್ನು ತಾನೇ ಪರೀಕ್ಷಿಸಿಕೊಳ್ಳಲು ಒಂದು ಸುಲಭ ಉಪಾಯವೂ ಉಂಟು. ಪತ್ರಿಕೆಯ ಸುದ್ದಿಯಲ್ಲಿ ತನ್ನ ತಂಡದ ಹೆಸರನ್ನು ಹೊಡೆದುಹಾಕಿ, ಅಲ್ಲಿ ಪರಂಪರಾಗತ ಎದುರಾಳಿಯ ಹೆಸರನ್ನು ಬರೆದು, ಸುದ್ದಿಯನ್ನು ಮತ್ತೊಮ್ಮೆ ಓದಿಕೊಳ್ಳುವುದು. ಮೊದಲ ಓದಿಗೂ ಎರಡನೆಯ ಓದಿಗೂ ಅಭಿಪ್ರಾಯ ಬದಲಾಯಿತಾದರೆ, ಬದಲಾದಷ್ಟು ಭಾಗ ಅಭಿಮಾನದ್ದು. ಬದಲಾಗದೆ ಉಳಿದಷ್ಟು ಭಾಗ ನ್ಯಾಯದ್ದು. ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಗಳಿಗೂ ಡಾರ್ಟ್‌ಮತ್ತಿನ ವಿದ್ಯಾರ್ಥಿಗಳಿಗೂ ಒಂದೇ ಚಿತ್ರ ಎರಡಾಗಿ ಕಂಡದ್ದನ್ನು ನೆನೆದರೆ, ಈ ಪರೀಕ್ಷೆಯಲ್ಲಿ ಪೂರ್ತಿ ತೇರ್ಗಡೆಯಾಗುವವರು ವಿರಳವೆಂದೇ ತೋರುತ್ತದೆ. ಆದರೂ ಮಾಡಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, 'ನನ್ನದು' ಎಂಬ ಬುದ್ಧಿಯೇ ಅಭಿಮಾನವೆಂದು ಆಗಲೇ ಹೇಳಿದೆ. ಆ ಬುದ್ಧಿಯನ್ನು ಬಿಟ್ಟುಬಿಡಿ ಎಂದು ಅಭಿಮಾನಿಗೆ ಉಪದೇಶ ಮಾಡುವುದು ವ್ಯರ್ಥ; ಬಿಟ್ಟರೆ ಆಟದ ಸೊಗಸೂ ಹೋಗುತ್ತದೆ, ಊರಿನ ಜಾತ್ರೆಯೂ ಹೋಗುತ್ತದೆ. ಆ ಬುದ್ಧಿಯನ್ನು ಇನ್ನಷ್ಟು ಅಗಲವಾಗಿಸಿ ಎಂದು ಬೇಕಾದರೆ ಹೇಳಬಹುದು. ಕಾಲೇಜು ನನ್ನದಾದರೆ ಅದರ ಅಂಗಳದಲ್ಲಿ ಓಡುವ ಹುಡುಗನೂ ನನ್ನವನು. ಅವನು ಗೆದ್ದಾಗ ಮಾತ್ರವಲ್ಲ, ಸೋತಾಗಲೂ, ಅವನ ಮೇಲೆ ಸುಳ್ಳು ಆರೋಪ ಬಂದಾಗಲೂ, ಅವನು ನಿಜವಾಗಿ ತಪ್ಪು ಮಾಡಿ ಶಿಕ್ಷೆ ಅನುಭವಿಸಬೇಕಾದಾಗಲೂ. ಹಾಗೆಯೇ ಅದೇ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಕೂತು, ದೂರು ಕೊಡಲೋ ಬೇಡವೋ ಎಂದು ಅಂಜುತ್ತಿರುವ ಹುಡುಗಿಯೂ ನನ್ನವಳೇ. ಅವಳೂ ಅದೇ ಕಾಲೇಜಿಗೆ ಶುಲ್ಕ ಕಟ್ಟಿದ್ದಾಳೆ, ಅದೇ ಬಣ್ಣದ ಅಂಗಿ ತೊಟ್ಟಿದ್ದಾಳೆ, ಬಹುಶಃ ಅದೇ ಶನಿವಾರಗಳಲ್ಲಿ ಅದೇ ತಂಡಕ್ಕಾಗಿ ಕೂಗಿದ್ದಾಳೆ. ಅವಳ ಅಂಗಿಯ ಬೆನ್ನಿನ ಮೇಲೆ ಆಟಗಾರನ ಸಂಖ್ಯೆ ಇಲ್ಲ; ಇರುವ ವ್ಯತ್ಯಾಸ ಅಷ್ಟೆ. ಸೋಮವಾರ ಬೆಳಿಗ್ಗೆ 'ನಾವು' ಎನ್ನುವಾಗ ಆ ಹುಡುಗಿಯನ್ನೂ ಸೇರಿಸಿಕೊಂಡು ಎನ್ನಬಲ್ಲವನು ನಿಜವಾದ ಅಭಿಮಾನಿ. ಅಂಥವನ ತಂಡ ಸೋತರೂ ಅವನ ಕಾಲೇಜು ಸೋಲುವುದಿಲ್ಲ.

(ಬಾನುಲಿ ಭಾಷಣ)